ಹಡಗಿಲ್ಲದ ದಿನದ ಕಪ್ಪು ಚೀಲ

ಕೊನ್ಸೆಪ್ಸಿಯೋನ್ ಬಂದರಿನ ಬೀದಿಗೆ ಬಂದ ಹೊಸತರಲ್ಲಿ ಈ ಸಾಲುಗಳನ್ನು ಬರೆಯುತ್ತಿರುವವನಿಗೆ ಇಲ್ಲಿನ ಹೆಂಗಸರ ಬಗ್ಗೆ ಒಂದು ಘನವಾದ ಅಭಿಪ್ರಾಯವಿತ್ತು: ಇವರಿಗೆ ಗಂಡಂದಿರನ್ನು ಕಂಡರೆ ಆಗುವುದಿಲ್ಲ. ಆಧಾರವಿಲ್ಲದೆ ಕಟ್ಟಿಕೊಂಡ ಅಭಿಪ್ರಾಯವಲ್ಲ ಅದು. ನದಿಯ ಮೇಲಿನ ತಿರುವಿನಲ್ಲಿ ಹಡಗು ಕೂಗು ಹಾಕುತ್ತಿತ್ತು: ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ‘ನಿಮ್ಮ ಗಂಡಸರು ಬಂದರು, ಅಣಿಯಾಗಿ’ ಎಂದು ಅದರ ಅರ್ಥ. ಕೂಗು ಕೇಳಿದ್ದೇ ತಡ, ಹೆಂಗಸರು ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು, ಒಂದು ಚಪ್ಪಲಿ ಕಾಲಲ್ಲಿ ಇನ್ನೊಂದು ಕೈಯಲ್ಲಿ ಹಿಡಿದು ಬೀದಿಗಿಳಿದು ಓಡುತ್ತಿದ್ದರು. ಆದರೆ ಬಂದರಿನ ಕಡೆಗಲ್ಲ. ಬಂದರಿಗೆ ಬೆನ್ನು ಹಾಕಿ, ಊರೊಳಕ್ಕೆ. ತಿಂಗಳುಗಟ್ಟಲೆ ನೀರಿನ ಮೇಲಿದ್ದು ಬರುವ ಗಂಡನ ಸುದ್ದಿ ಕೇಳಿ ಹೀಗೆ ದಿಕ್ಕಾಪಾಲಾಗಿ ಓಡುವ ಹೆಂಡಂದಿರನ್ನು ನೋಡಿ ಮನಸ್ಸು ಮರುಗಿ, ಆ ಗಂಡಸರ ಪರವಾಗಿ ಒಂದು ಲೇಖನದ ಮೊದಲ ಪ್ಯಾರಾವನ್ನೂ ಹೊಂದಿಸಿಟ್ಟಾಗಿತ್ತು.

ಅದು ಅಚ್ಚಾಗದಂತೆ ಕಾಪಾಡಿದವಳು ಬೇರು ಸೊಪ್ಪು ಮಾರುವ ಲಿದುವಿನಾ.

“ಅವ್ರು ಗಂಡನಿಂದ ತಪ್ಪಿಸ್ಕೊಂಡು ಓಡ್ತಿಲ್ಲ ಕರಾಯಿ,” ಎಂದಳು ಒರಳಿನಿಂದ ತಲೆಯೆತ್ತದೆ. ಕರಾಯಿ ಎಂದರೆ ಇಲ್ಲಿನವರ ಬಾಯಲ್ಲಿ ‘ಸ್ವಾಮಿ’. “ದೋನ್ ಕ್ರಿಸ್ಪಿನ್ ಔಷಧಿ ಅಂಗಡಿ ಬಾಗಿಲು ಹಾಕೋದ್ರೊಳಗೆ ಹೋಗಿ ಮುಟ್ಟಬೇಕಲ್ಲ, ಅದಕ್ಕೆ. ಗಂಡ ಎಲ್ಲಿಗೆ ಹೋಗ್ತಾನೆ, ಮನೆಗೇ ಬರ್ತಾನೆ. ಅಂಗಡಿ ಮನೆಗೆ ಬರುತ್ತಾ?”

ದೋನ್ ಕ್ರಿಸ್ಪಿನ್ ವೈದ್ಯನಲ್ಲ. ಆದರೆ ಆ ಮಾತನ್ನು ಅವನೆದುರು ಆಡಿದವರಿಗೆ ಕೆಮ್ಮಿನ ಔಷಧಿ ಸಿಗುವುದು ಕಷ್ಟ. ಊರೆಲ್ಲ ಬಾಗಿಲು ಹಾಕಿ ಮಲಗುವ ಮಧ್ಯಾಹ್ನದ ಹೊತ್ತಿನಲ್ಲಿ ಹಡಗು ಕೂಗಿತೆಂದರೆ ಅವನು ಬನಿಯನ್ನಿನ ಮೇಲೆಯೇ ಬಿಳಿ ಕೋಟು ಏರಿಸಿ, ಪಕ್ಕದ ಕಿಟಕಿ ತೆರೆದು, ಯುದ್ಧಕ್ಕೆ ನಿಂತ ದಂಡನಾಯಕನ ಹಾಗೆ ನಿಲ್ಲುತ್ತಿದ್ದ. ಮಾನವಂತ ಮನುಷ್ಯ. ಹೆಂಗಸರ ಗುಟ್ಟು ಹೊರಗೆ ಬೀಳಬಾರದೆಂದು, ಗುಳಿಗೆಯಾಗಲಿ ರಬ್ಬರಾಗಲಿ ಇಂಜೆಕ್ಷನ್ನಾಗಲಿ, ಮಕ್ಕಳಾಗದಿರಲು ಕೊಳ್ಳುವ ಯಾವುದನ್ನೇ ಆದರೂ ಕಪ್ಪು ಚೀಲದಲ್ಲಿ ಸುತ್ತಿ ಕೊಡುತ್ತಿದ್ದ. ಮಿಕ್ಕ ಔಷಧಿಗೆಲ್ಲ ಬಿಳಿ ಚೀಲ. ಹೀಗಾಗಿ ಯಾರ ಕೈಯಲ್ಲಿ ಕಪ್ಪು ಚೀಲವಿದೆಯೋ ಅವಳ ಗುಟ್ಟು ಬೀದಿಯ ಆ ತುದಿಯಿಂದಲೇ ಕಾಣುತ್ತಿತ್ತು. ಗುಟ್ಟು ಕಾಪಾಡಿದ ಸಮಾಧಾನವಂತೂ ದೋನ್ ಕ್ರಿಸ್ಪಿನ್‌ಗೆ ಪೂರ್ತಿಯಾಗಿ ಇತ್ತು.

ಲಿದುವಿನಾಳ ಮೇಜು ಬಂದರಿಗೆ ಇಳಿಯುವ ದಾರಿಯಲ್ಲಿ, ಲಪಾಚೋ ಮರದ ಕೆಳಗೆ. ಪುದೀನ, ನಿಂಬೆಹುಲ್ಲು, ಕೆಸರು ತೊಳೆದ ಬೇರುಗಳು. ಕೇಳಿದವರಿಗೆ ಮರದ ಒರಳಲ್ಲಿ ಕುಟ್ಟಿ ಕೊಡುತ್ತಾಳೆ. ಅವರು ಅದನ್ನು ಐಸು ಹಾಕಿದ ನೀರಿಗೆ ಬೆರೆಸಿ ತೆರೆರೆ ಕುಡಿಯುತ್ತಾರೆ. ಕೊಂಬಿನ ಲೋಟ ಒಂದು, ಹೀರುವ ಕೊಳವೆ ಒಂದು, ಸುತ್ತ ಕೂತವರಿಗೆಲ್ಲ ಸರದಿ. ಹೊಟ್ಟೆಯುರಿಗೆ ಒಂದು ಸೊಪ್ಪು, ನಿದ್ದೆಗೆ ಒಂದು, ಸಿಡುಕಿಗೆ ಒಂದು. ಆಗಾಗ ಯಾರಾದರೂ ಹುಡುಗಿ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟುತ್ತಾಳೆ:

“ಮಕ್ಳಾಗದ ಹಾಗೆ ಮಾಡೋ ಬೇರು ಒಂದಿದೆಯಂತಲ್ಲ?”

“ಇದೆಯಮ್ಮ,” ಎನ್ನುತ್ತಾಳೆ ಲಿದುವಿನಾ. “ನಮ್ಮಮ್ಮ ಅದನ್ನ ಒಂದಿನ ತಪ್ಪಿಸದೆ ಕುಡೀತಿದ್ಲು. ಆಮೇಲೆ ನಾನು ಹುಟ್ಟಿದೆ.”

ಹೀಗೆಂದು ದೋನ್ ಕ್ರಿಸ್ಪಿನ್ ಅಂಗಡಿಯ ದಾರಿ ತೋರಿಸುತ್ತಾಳೆ.

ಅವಳ ಗಂಡ ಇಸಾಬೆಲಿನೋ ಬ್ರೆಜಿಲ್ ಗಡಿಯಿಂದ ಅದಿರು ಹೊತ್ತು ಕೆಳಗಿಳಿಯುವ ಬಾರ್ಜುಗಳ ಮೇಲೆ ಹಗ್ಗ ಬಿಗಿಯುವ, ಬಿಚ್ಚುವ ಕೆಲಸದವನು. ನದಿ ತುಂಬಿದ್ದರೆ ಹಡಗು ಹೆಚ್ಚು ಓಡಾಡುತ್ತದೆ, ಅವನೂ ಹೆಚ್ಚು ಬರುತ್ತಾನೆ. ನದಿ ಇಳಿದರೆ ಎಲ್ಲೋ ಮರಳದಿಬ್ಬದ ಪಕ್ಕ ನಿಂತುಬಿಡುತ್ತಾನೆ. ಜೂನ್ ಕಳೆಯುವ ಹೊತ್ತಿಗೆ ಇಲ್ಲಿ ನದಿ ತುಂಬಿಕೊಂಡಿರುತ್ತದೆ. ಹಾಗಾಗಿ ಲಿದುವಿನಾಳ ಮೂರು ಮಕ್ಕಳೂ ಬೇರೆ ಬೇರೆ ವರ್ಷದ ಮಾರ್ಚಿನಲ್ಲಿ ಹುಟ್ಟಿದವು. ಮೂವರಿಗೂ ಸೇರಿಸಿ ಒಂದೇ ಕೇಕು. “ನಮ್ಮನೇಲಿ ಹುಟ್ಟುಹಬ್ಬದ ತಾರೀಕು ಗೊತ್ತು ಮಾಡೋದು ನದಿ,” ಎಂದು ಅವಳು ನಗುತ್ತಿದ್ದಳು.

ಮೂರನೆಯ ಹೆರಿಗೆಯ ಮೇಲೆ ಆ ನಗೆ ಕಡಿಮೆಯಾಯಿತು. ರಕ್ತ ನಿಲ್ಲಲೊಲ್ಲದೆ, ಅವಳು ಬದುಕಿದ್ದೇ ಹೆಚ್ಚಾಯಿತು. ಆಸ್ಪತ್ರೆಯ ಡಾಕ್ಟರಮ್ಮ ಹಾಸಿಗೆಯ ಅಂಚಿಗೆ ಕೂತು, “ನಾಲ್ಕನೇದಕ್ಕೆ ಆಸೆ ಪಡಬೇಡ ತಾಯಿ. ಈ ಮೂರಕ್ಕೆ ಅಮ್ಮ ಬೇಕಲ್ಲ,” ಎಂದಳು. ಆಪರೇಷನ್ ಎಂಬ ಮಾತಿಗೆ ಲಿದುವಿನಾ ಗೋಡೆಯ ಕಡೆ ತಿರುಗಿಕೊಂಡಳು. ಮತ್ತೆ ಆ ಮೇಜಿನ ಮೇಲೆ ಮಲಗುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ. ಗರ್ಭದೊಳಗೆ ವಂಕಿ ಹಾಕಿಸಿಕೊಂಡಳು, ಅದು ಒಗ್ಗಲಿಲ್ಲ. ತಿಂಗಳ ಇಂಜೆಕ್ಷನ್ ತೆಗೆದುಕೊಂಡಳು. ತಲೆನೋವು ಬಂದು ಒರಳು ಕುಟ್ಟುವ ಸದ್ದೇ ಆಗದಾಯಿತು. ರಬ್ಬರಿನ ಮಾತೆತ್ತಿದರೆ ಇಸಾಬೆಲಿನೋ, “ಎರಡು ತಿಂಗಳು ಬೂಟಲ್ಲೇ ನಿಂತು ಬಂದಿದೀನಿ ಕಣೇ. ಮನೇಲೂ ಬೂಟಾ?” ಎನ್ನುತ್ತಿದ್ದ. ಕೆಟ್ಟವನಲ್ಲ. ನಗಿಸುವವನು. ಆದರೆ ಅವನು ನಗಿಸಿದಾಗಲೇ ಅವಳಿಗೆ ಹೆಚ್ಚು ಭಯ.

ಹಿಂದಿನ ಸಲ ಬಂದಾಗ ಆದದ್ದು ಜಗಳವಲ್ಲ. ಜಗಳವಾಗಿದ್ದರೆ ರಾಜಿಯೂ ಆಗುತ್ತಿತ್ತು. ಅವನು ಕೈ ಚಾಚಿದ, ಅವಳು ಬಿಗಿಯಾದಳು, ಅಷ್ಟೇ. ಕೈ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಎದ್ದು, “ಒಳಗೆ ಭಾರಿ ಸೆಕೆ,” ಎಂದು ಅಂಗಳದ ಮಾವಿನ ಮರಕ್ಕೆ ಕಟ್ಟಿದ್ದ ಜೋಲಿಗೆ ಹೋಗಿ ಮಲಗಿದ. ದಕ್ಷಿಣದ ಗಾಳಿ ಬೀಸಿ ಊರೆಲ್ಲ ಕಂಬಳಿ ಹೊದ್ದಿದ್ದ ವಾರ ಅದು. ಮಾರನೆಯ ದಿನವೂ ಅವನಿಗೆ ಸೆಕೆ. ಅದರ ಮಾರನೆಯ ದಿನವೂ. ಅವಳು ಒಳಗೆ ಮಲಗಿ ಜೋಲಿಯ ಹಗ್ಗ ಕಿರುಗುಟ್ಟುವುದನ್ನು ಕೇಳುತ್ತಿದ್ದಳು. ರಜೆ ಮುಗಿಯುವ ಮುಂಚೆಯೇ, ಹಡಗಿನಲ್ಲಿ ಯಾರಿಗೋ ಹುಷಾರಿಲ್ಲವಂತೆ ಎಂದು ಹೇಳಿ ಹೊರಟುಬಿಟ್ಟ. ಯಾರಿಗೂ ಏನೂ ಆಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಜೋಲಿ ಮಾತ್ರ ಹಾಗೇ ನೇತಾಡುತ್ತ ಉಳಿಯಿತು. ಅಂಗಳ ಗುಡಿಸುವಾಗ ಅವಳು ಅದನ್ನು ಬಳಸಿಕೊಂಡು ಗುಡಿಸುತ್ತಿದ್ದಳು.

ಆಮೇಲೆ ನೀರು ಇಳಿಯಿತು. ಹಡಗು ಬರಲಿಲ್ಲ. ಬಹಳ ದಿನದ ಮೇಲೆ, ಮೇಲುನಾಡಿನಲ್ಲಿ ಎಲ್ಲೋ ಸಿಗ್ನಲ್ ಸಿಕ್ಕ ಕಡೆಯಿಂದ ಅವನ ದನಿಯ ಸಂದೇಶವೊಂದು ಮೊಬೈಲಿಗೆ ಬಂತು: “ಲಿದು, ಈ ಸಲ ಪೂರ್ತಿ ಒಂದು ತಿಂಗಳು ರಜೆ ಕೊಡ್ತಾರಂತೆ. ನೀರು ಒಂಚೂರು ಏರ್ಲಿ, ಇಳ್ಕೊಂಡು ಬರ್ತೀವಿ.” ಹಿಂದೆ ಯಾರೋ ಮುತ್ತಿಡುವ ಸದ್ದು ಮಾಡಿದರು, ಹತ್ತು ಗಂಡಸರು ಗೊಳ್ಳೆಂದು ನಕ್ಕರು. ಹಡಗಿನಲ್ಲಿ ಒಬ್ಬನಿಗೆ ಬಂದ ಮಾತನ್ನು ಎಲ್ಲರೂ ಕೂತು ಕೇಳುವುದು ವಾಡಿಕೆ. ಅಂಥ ಕಡೆಗೆ ಹೆಂಡತಿಯಾದವಳು ಏನು ಹೇಳಿ ಕಳಿಸಿಯಾಳು? “ಬಾ. ಮರಗೆಣಸು ಚೆನ್ನಾಗಿ ಬಂದಿದೆ,” ಎಂದಷ್ಟೇ ಹೇಳಿ ಕಳಿಸಿದಳು.

ಮರುದಿನ ಆಸ್ಪತ್ರೆಯ ನರ್ಸಮ್ಮನನ್ನು ಕಂಡು ಮಾತಾಡಿ, ಅಲ್ಲಿಂದ ನೇರವಾಗಿ ಔಷಧಿ ಅಂಗಡಿಗೆ ಹೋದಳು. ಒಂದು ಸಾಮಾನ್ಯ ಮಂಗಳವಾರ. ನದಿಯ ಮೇಲೆ ಕೊಕ್ಕರೆ ಬಿಟ್ಟರೆ ಏನೂ ಇರಲಿಲ್ಲ.

“ದಿನಕ್ಕೊಂದು ನುಂಗೋ ಗುಳಿಗೆ ಕೊಡಿ, ದೋನ್ ಕ್ರಿಸ್ಪಿನ್.”

ದೋನ್ ಕ್ರಿಸ್ಪಿನ್ ಗಾಬರಿಯಿಂದ ಬಿಳಿ ಕೋಟಿಗೆ ಕೈ ಹಾಕಿದ. “ಹಡಗು ಬಂತಾ? ನಂಗೆ ಕೂಗು ಕೇಳಿಸ್ಲೇ ಇಲ್ವಲ್ಲ!”

“ಬಂದಿಲ್ಲ.”

“ಬಂದಿಲ್ಲ ಅಂದ್ಮೇಲೆ?”

“ಬರೋ ಮುಂಚೆಯಿಂದ್ಲೇ ನುಂಗ್ತಾ ಇರ್ಬೇಕಂತೆ. ಬಂದ್ಮೇಲೆ ಓಡಿ ಬಂದು ನುಂಗಿದ್ರೆ ಆಗಲ್ವಂತೆ.”

“ಅದು ನಂಗೊತ್ತು,” ಎಂದ ದೋನ್ ಕ್ರಿಸ್ಪಿನ್. ಗೊತ್ತಿದ್ದೂ ಇಷ್ಟು ವರ್ಷ ಓಡಿ ಬಂದವರಿಗೆಲ್ಲ ಯಾಕೆ ಮಾರಿದ ಎಂದು ಅವಳು ಕೇಳಲಿಲ್ಲ. ಅವನು ಕಪ್ಪು ಚೀಲ ತೆಗೆದ.

“ಬಿಳೀದ್ರಲ್ಲೇ ಹಾಕ್ಕೊಡಿ.”

“ಛೆ ಛೆ! ಗುಟ್ಟು ಅಂದ್ರೆ ಗುಟ್ಟು,” ಎಂದು ಗಂಟು ಬಿಗಿದು ಕೈಗಿತ್ತ.

ಹಡಗಿಲ್ಲದ ದಿನ, ಹಡಗಿನವನ ಹೆಂಡತಿ, ಕೈಯಲ್ಲಿ ಕಪ್ಪು ಚೀಲ. ಬೀದಿಯ ಮಾತು ಅವಳ ಮುಂದೆ ಮುಂದೆ ನಿಲ್ಲುತ್ತ, ಹಿಂದೆ ಹಿಂದೆ ಶುರುವಾಗುತ್ತ ಹೋಯಿತು. ಮೂಲೆಯಲ್ಲಿ ಚಿಪಾ ರೊಟ್ಟಿ ಮಾರುವ ಮುದುಕಿ ನ್ಯಾ ಪೆತ್ರೋನಾ, ಒಂಬತ್ತು ಹೆತ್ತವಳು, ಬುಟ್ಟಿಯ ಬಟ್ಟೆ ಸರಿಸುವ ನೆಪದಲ್ಲಿ ಕೇಳಿದಳು:

“ಲಿದುವಿನಾ, ನನ್ ಕಿವಿ ಹೋಗಿದ್ಯೇನೋ ನೋಡು ಮಗಳೇ. ಹಡಗು ಕೂಗ್ತಾ?”

“ಇಲ್ಲ ನ್ಯಾ ಪೆತ್ರೋನಾ.”

“ಸದ್ಯ. ಕಿವಿ ನೆಟ್ಟಗಿದೆ,” ಎಂದಳು ಮುದುಕಿ, ಚೀಲವನ್ನೇ ನೋಡುತ್ತ. “ಕಣ್ಣೂ ನೆಟ್ಟಗಿದೆ.”

ಮಾತು ಅಲ್ಲಿಗೇ ತಣ್ಣಗಾಗುತ್ತಿತ್ತೋ ಏನೋ. ಆದರೆ ಅದೇ ವಾರ ಲಿಸೆನ್ಸಿಯಾದೋ ಫಾಬ್ರಿಸಿಯೋ ಇನ್ಸ್‌ಫ್ರಾನ್ ರಾಜಧಾನಿಯಿಂದ ಬಂದಿಳಿದರು. ಲಿಸೆನ್ಸಿಯಾದೋ ಎಂದರೆ ಪದವೀಧರರು. ಹೆಸರಿನ ಮುಂದೆ ಅದನ್ನು ಸೇರಿಸದಿದ್ದರೆ ಅವರಿಗೆ ತಮ್ಮನ್ನು ಕರೆದದ್ದೆಂದೇ ತಿಳಿಯುತ್ತಿರಲಿಲ್ಲ. ಲೆಕ್ಕವಿಲ್ಲದಷ್ಟು ಜೇಬುಗಳ ಅಂಗಿ, ಮಡಚುವ ಕುರ್ಚಿ. ಹೊರದೇಶದ ಯಾವುದೋ ಕಂಪನಿ ಒಂದು ಪುಟ್ಟ ಸೂಜಿಮದ್ದು ತರಲಿದೆಯಂತೆ. ಹೆಂಗಸು ಮನೆಯಲ್ಲೇ ತನಗೆ ತಾನೇ ಚುಚ್ಚಿಕೊಳ್ಳುವುದು, ಮೂರು ತಿಂಗಳು ನಿಶ್ಚಿಂತೆ. ಅಂಥ ‘ಅನುಕೂಲ’ಕ್ಕೆ ನದಿಯಂಚಿನ ಊರುಗಳಲ್ಲಿ ಎಷ್ಟು ಬೇಡಿಕೆ ಇದೆ ಎಂದು ಅಳೆಯುವುದು ಇವರ ಕೆಲಸ. ಹೆಂಗಸರೆಲ್ಲ ಸೊಪ್ಪಿಗೆ ಬರುವ ಜಾಗವೆಂದು ಕುರ್ಚಿಯನ್ನು ಲಿದುವಿನಾಳ ಮೇಜಿನ ಪಕ್ಕಕ್ಕೇ ಹಾಕಿದರು. ಅವಳು ಪುದೀನ ಕುಟ್ಟಿ ತೆರೆರೆ ಕೊಟ್ಟಳು. ಬಂದವರಿಗೆ ಕೊಡದಿರುವುದು ಇಲ್ಲಿ ಬೈಗುಳಕ್ಕಿಂತ ಕೆಟ್ಟದ್ದು.

ಮೊದಲು ಸಿಕ್ಕವಳು ದೆಯೋಲಿಂದಾ, ಲಿದುವಿನಾಳ ಪಕ್ಕದ ಮನೆಯವಳು. ಅವಳ ಮಗುವಿಗೆ ಲಿದುವಿನಾಳೇ ಧರ್ಮತಾಯಿ, ಹಾಗಾಗಿ ಒಬ್ಬರಿಗೊಬ್ಬರು ‘ಕೊಮಾದ್ರೆ’.

“ಸೆನ್ಯೋರಾ,” ಎಂದು ಲಿಸೆನ್ಸಿಯಾದೋ ಗಂಟಲು ಸರಿಮಾಡಿಕೊಂಡರು, “ತಮ್ಮ ದಾಂಪತ್ಯ ಸಂಪರ್ಕ ವಾರಕ್ಕೆ ಸರಾಸರಿ ಎಷ್ಟು ಬಾರಿ?”

“ವಾರಕ್ಕಾ?” ದೆಯೋಲಿಂದಾ ಮಗುವನ್ನು ಸೊಂಟದ ಆ ಕಡೆಯಿಂದ ಈ ಕಡೆಗೆ ಹಾಕಿಕೊಂಡಳು. “ವರ್ಷಕ್ಕೆ ಕೇಳಿ ಸ್ವಾಮಿ, ಹೇಳ್ತೀನಿ.”

“ಹಾಗಾದರೆ... ಮಕ್ಕಳ ವಿಷಯದಲ್ಲಿ ನಿಮ್ಮ ಮನೆಯಲ್ಲಿ ತೀರ್ಮಾನ ಯಾರದು?”

“ಕ್ಯಾಪ್ಟನ್ನಂದು.”

“ಗಂಡ ಕ್ಯಾಪ್ಟನ್ನೋ?”

“ಅಲ್ಲ, ಅಡುಗೆಯವನು. ಹಡಗು ನಿಲ್ಸೋದು ಬಿಡೋದು ಕ್ಯಾಪ್ಟನ್ ಕೈಲಿ ತಾನೆ ಇರೋದು?”

ಸುತ್ತ ನಿಂತವರು ನಕ್ಕರು. ಲಿಸೆನ್ಸಿಯಾದೋ ನಗಲಿಲ್ಲ. ನಗೆಗೆ ಅವರ ಪ್ರಶ್ನೆಗಳಲ್ಲಿ ಜಾಗವಿರಲಿಲ್ಲ. ಅನುಕೂಲವೆಂದರೆ ನಿಮ್ಮ ಪ್ರಕಾರ ಏನು ಎಂದು ಕೇಳಿದರು. ದೆಯೋಲಿಂದಾ ಈ ಸಲ ನಿಜವಾಗಿ ಯೋಚಿಸಿದಳು.

“ಹಡಗು ಕೂಗಿದ ಮೇಲೆ ತಗೊಳ್ಳೋಂಥದ್ದು. ತಗೊಂಡ ತಕ್ಷಣ ಹಿಡಿಯೋಂಥದ್ದು. ಅವ್ನು ಹೋದ ಮೇಲೆ ಮೈಯಲ್ಲಿ ಇರ್ಬಾರ್ದು. ಯಾರೂ ಇಲ್ದಾಗ ಮೂರು ತಿಂಗಳು ನಿಶ್ಚಿಂತೆ ಇಟ್ಕೊಂಡು ನಾನೇನ್ ಮಾಡ್ಲಿ? ಖಾಲಿ ಮನೆಗೆ ಬೀಗ ಹಾಕಿ ಕಾಯೋ ಹಂಗೆ.”

“ನಮ್ ಕಾಲ್ದಲ್ಲಿ ಅನುಕೂಲ ಅಂದ್ರೆ ಗಂಡನ ಗೊರಕೆ,” ಎಂದು ನ್ಯಾ ಪೆತ್ರೋನಾ ಬುಟ್ಟಿ ಇಳಿಸಿದಳು. “ನಮ್ಮವನು ಗೊರಕೆನೇ ಹೊಡೀತಿರ್ಲಿಲ್ಲ, ದರಿದ್ರದವನು.”

ಲಿಸೆನ್ಸಿಯಾದೋ ಅವರಿಗೆ ಹೊಳೆದೇ ಹೋಯಿತು. ಕಣ್ಣರಳಿಸಿ, ನದಿಯ ಕಡೆ ಕೈ ಚಾಚಿ ಅಂದರು: “ಇದು ಮಲಗಿರುವ ಮಾರುಕಟ್ಟೆ! ಇದನ್ನು ಎಬ್ಬಿಸಬೇಕು.”

“ಮಾರ್ಕೆಟ್ ಮಲಗಿಲ್ಲ ಸ್ವಾಮಿ,” ಎಂದಳು ಮುದುಕಿ. “ನಾವೇ ಒಬ್ಬೊಬ್ರೇ ಮಲ್ಗಿರೋದು.”

ಅಲ್ಲಿಂದ ದಿನವೂ ಕುರ್ಚಿ ಮೇಜಿನ ಪಕ್ಕದಲ್ಲೇ. ಹಡಗಿಲ್ಲದ ದಿನದ ಕಪ್ಪು ಚೀಲಕ್ಕೆ ಬೀದಿ ಉತ್ತರ ಹುಡುಕುತ್ತಿತ್ತು, ಉತ್ತರ ಜೇಬುಗಳ ಅಂಗಿ ತೊಟ್ಟು ತಾನಾಗಿ ಬಂದು ಕೂತಿತು. ಸುದ್ದಿ ಮೀನಿನ ಅಂಗಡಿ ಮುಟ್ಟಿತು, ಇಗರ್ಜಿ ಮುಟ್ಟಿತು, ಕೊನೆಗೆ ಲಿಸೆನ್ಸಿಯಾದೋ ಇಳಿದುಕೊಂಡಿದ್ದ ವಸತಿಗೃಹದ ಯಜಮಾನಿಯ ಮೂಲಕ ಅವರನ್ನೂ ಮುಟ್ಟಿತು. ಅವರು ಕೆಂಡಾಮಂಡಲವಾದರು. ನನ್ನ ವೃತ್ತಿಗೌರವವೇನು, ನನ್ನ ಸಂಸಾರವೇನು ಎಂದರು. ಮರುದಿನ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಸ್ವಲ್ಪ ಸುಗಂಧವನ್ನೂ ಹಾಕಿಕೊಂಡು ಬಂದರು.

ಲಿದುವಿನಾ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಇಸಾಬೆಲಿನೋನ ಅಣ್ಣನ ಮಗ ಅದೇ ಹಡಗಿನ ಎಂಜಿನ್ ಕೋಣೆಯಲ್ಲಿದ್ದ. ಬೀದಿಯ ಮಾತು ನದಿಯ ಮೇಲೆ ಹಡಗಿಗಿಂತ ಬೇಗ ಓಡುತ್ತದೆ. ಮೊದಲೇ ಜೋಲಿಗೆ ಹೋದವನು, ಈ ಮಾತೂ ಕಿವಿಗೆ ಬಿದ್ದರೆ?

ದೆಯೋಲಿಂದಾ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಿಡಿದು ನಿಲ್ಲಿಸಿದಳು. “ಕೊಮಾದ್ರೆ, ಮುಖ ನೋಡ್ಕೊಂಡು ಕೇಳ್ತಿದೀನಿ. ಆ ಎಣ್ಣೆತಲೆ ಜೊತೆ ನಿಂಗೇನು?”

“ಅವ್ನಿಗೆ ನಾನು ದಿನಾ ಸಿಡುಕಿನ ಸೊಪ್ಪು ಹಾಕಿ ಕೊಡ್ತಿದೀನಿ. ಅಷ್ಟೇ.”

“ಮತ್ತೆ ಆ ಚೀಲ?”

ಲಿದುವಿನಾ ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. ಮಾವಿನ ಮರದಲ್ಲಿ ಹಗ್ಗ ತಿಂದ ಗೆರೆ ಮಾತ್ರ ಉಳಿದಿತ್ತು. ಜೋಲಿ ಬಿಚ್ಚಿ, ಒಗೆದು, ಬಿಸಿಲಿಗೆ ಹಾಕಿ, ಮಡಚಿ, ಬೀರುವಿನ ಮೇಲೆ ಇಟ್ಟಾಗಿತ್ತು. “ಅವ್ನು ಬಂದಾಗ ಜೋಲಿ ಇಲ್ಲಿರ್ಬಾರ್ದು,” ಎಂದಳು. ದೆಯೋಲಿಂದಾ ಮರದ ಮೇಲಿನ ಗೆರೆಯನ್ನು ಬೆರಳಿನಿಂದ ಸವರಿದಳು, ಅರ್ಥವಾಯಿತು. ಆಮೇಲೆ ಕೊಮಾದ್ರೆಯ ಕೈ ಹಿಡಿದುಕೊಂಡು, “ಅವ್ನಿಗೆ ಹೇಳಿದೀಯಾ?” ಎಂದು ಕೇಳಿದಳು.

“ಹೆಂಗೆ ಹೇಳ್ಲಿ? ಹಡಗಿನವ್ರೆಲ್ಲ ಕೂತು ಕೇಳ್ತಾರೆ. ಬಂದ್ಮೇಲೆ ತಾನೇ ನೋಡ್ಲಿ. ಅಂಗಳಕ್ಕೆ ಬರ್ತಾನೆ, ಮರ ನೋಡ್ತಾನೆ. ನಾನೇನೂ ಹೇಳೋದೇ ಬೇಡ.”

ಯಾರಿಗೂ ಹೇಳುವುದಿಲ್ಲವೆಂದು ದೆಯೋಲಿಂದಾ ಆಣೆ ಹಾಕಿದಳು. ಹುಟ್ಟಿದ ಲಾಗಾಯ್ತು ಯಾವ ಗುಟ್ಟನ್ನೂ ಉಳಿಸಿಕೊಳ್ಳದವಳು ಇದೊಂದನ್ನು ಉಳಿಸಿಕೊಂಡಳು. ಹೀಗಾಗಿ ಬೀದಿಯ ಮಾತು ಹಾಗೆಯೇ ಮುಂದುವರಿಯಿತು.

ದಿನವೂ ಬೆಳಗ್ಗೆ ಮೊದಲ ತೆರೆರೆಯ ಜೊತೆ ಲಿದುವಿನಾ ಒಂದು ಗುಳಿಗೆ ನುಂಗುತ್ತಿದ್ದಳು. ನುಂಗಿ, ಲೋಟವನ್ನು ಎದುರಿನ ಖಾಲಿ ಸ್ಟೂಲಿನ ಕಡೆ ಚಾಚಿ, ಆಮೇಲೆ ನೆನಪಾಗಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಇದು ಸಂಜೆ ಮನೆಗೆ ಬರುವವನ ಹೆಂಡತಿ ನುಂಗುವಂಥ ಗುಳಿಗೆ. ಬಸ್ಸು ಓಡಿಸುವವನ ಹೆಂಡತಿ, ಮೇಷ್ಟರ ಹೆಂಡತಿ, ಎದುರು ಮನೆಯ ಕ್ಷೌರಿಕನ ಹೆಂಡತಿ ನುಂಗುವಂಥದ್ದು. ಗಂಡ ಎಲ್ಲೋ ಮರಳದಿಬ್ಬದ ಪಕ್ಕ ನಿಂತಿದ್ದರೂ, ಗುಳಿಗೆ ಗಂಟಲಲ್ಲಿ ಇಳಿಯುವ ಅಷ್ಟು ಹೊತ್ತು ಅವಳಿಗೂ ಅವನು ಬಚ್ಚಲಲ್ಲಿ ಮುಖ ತೊಳೆಯುತ್ತಿರುವ ಹಾಗೆ, ಈಗ ಟವೆಲು ಕೇಳುವ ಹಾಗೆ ಅನ್ನಿಸುತ್ತಿತ್ತು. ಗುಳಿಗೆಯ ಒಂದು ಹಾಳೆ ಮುಗಿಯಿತು, ಇನ್ನೊಂದು ತಂದಳು. ಮತ್ತೆ ಕಪ್ಪು ಚೀಲ, ಮತ್ತೆ ಹಡಗಿಲ್ಲದ ದಿನ. ಈ ಸಲ ಅವಳು ಚೀಲವನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ.

“ನಿಮ್ಮ ಉತ್ತರ ಯಾವ ಲೆಕ್ಕಕ್ಕೂ ಹೊಂದುವುದಿಲ್ಲ, ಸೆನ್ಯೋರಾ,” ಎಂದು ಲಿಸೆನ್ಸಿಯಾದೋ ಬೇಸರಪಟ್ಟುಕೊಂಡರು. “ಹೆಚ್ಚಿನವರು ಹಡಗು ಕೂಗಿದಾಗ ಬೇಕು ಅನ್ನುತ್ತಾರೆ, ಕೆಲವರು ಮೂರು ತಿಂಗಳಿನದು ಅನ್ನುತ್ತಾರೆ. ನೀವೊಬ್ಬರೇ ದಿನಾ ನುಂಗುವುದೇ ಇಷ್ಟ ಅನ್ನುತ್ತೀರಿ. ಅದು ಅತ್ಯಂತ ಅನಾನುಕೂಲದ್ದು!”

“ಹೌದಾ?” ಎಂದಳು ಲಿದುವಿನಾ. “ನಾನಂತೂ ಬೆಳಗಾಗೋದನ್ನೇ ಕಾಯ್ತೀನಿ.”

ಅವರು ಅವಳನ್ನು ‘ಅಪವಾದ’ ಎಂಬ ಸಾಲಿಗೆ ಸೇರಿಸಿದರು.

ಉತ್ತರದ ಬಿಸಿಗಾಳಿ ಶುರುವಾಯಿತು. ನದಿ ಇನ್ನೂ ಇಳಿಯಿತು. ಎಂದೂ ಕಾಣದ ಬಂಡೆಗಳು ಬೆನ್ನು ತೋರಿಸಿದವು. ಆಳುಗಳನ್ನು ಹಡಗಿನಿಂದ ದಡಕ್ಕೆ ತರುವ ಲಾಂಚು ನೀರು ಬಿಟ್ಟು, ಮರಳಿನ ಮೇಲೆ ವಾಲಿಕೊಂಡು ಕೂತಿತು. ಎಂದಾದರೂ ನೀರು ಏರಬಹುದೆಂದು ಎಲ್ಲರೂ ಹೇಳುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ.

ಲಿಸೆನ್ಸಿಯಾದೋ ಊರು ಬಿಡುವ ದಿನ, ಊಟವಾಗಿ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ, ಮೇಲಿನ ತಿರುವಿನಿಂದ ಕೂಗು ಬಂತು. ಉದ್ದ, ಗಿಡ್ಡ, ಉದ್ದ.

ಬಾಗಿಲುಗಳು ತೆರೆದವು. ದೆಯೋಲಿಂದಾ ಮಗುವನ್ನು ಮುದುಕಿಯ ಮಡಿಲಿಗೆ ಎಸೆದು ಹೊರಟಳು. ಬೀದಿಗೆ ಬೀದಿಯೇ ಬಂದರಿಗೆ ಬೆನ್ನು ಹಾಕಿ ದೋನ್ ಕ್ರಿಸ್ಪಿನ್ ಕಿಟಕಿಯ ಕಡೆ ಓಡಿತು. ಆ ನೂಕಿನ ನಡುವೆ ಒಬ್ಬಳೇ ಒಬ್ಬಳು ಎದುರು ದಿಕ್ಕಿಗೆ ಓಡುತ್ತಿದ್ದಳು. ಇಸ್ತ್ರಿ ಮಾಡಿದ ಹೂವಿನ ಬಟ್ಟೆ ತೊಟ್ಟು, ಒದ್ದೆ ಕೂದಲು ಬೆನ್ನಿಗೆ ಅಂಟಿಕೊಂಡು, ಎರಡೂ ಕೈ ಖಾಲಿ ಬೀಸಿಕೊಂಡು ಲಿದುವಿನಾ ಬಂದರಿಗೆ ಓಡಿದಳು.

“ಏಯ್, ಅಂಗಡಿ ಈ ಕಡೆ!” ಎಂದು ಯಾರೋ ಕೂಗಿದರು.

ಮದುವೆಯಾದ ಮೇಲೆ ಗಂಡನ ಹಡಗು ತಿರುವು ದಾಟಿ ಬರುವುದನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಯಾವಾಗಲೂ ಆ ಹೊತ್ತಿಗೆ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿರುತ್ತಿದ್ದಳು. ಅದಿರಿನ ಬಾರ್ಜುಗಳು ಒಂದಕ್ಕೊಂದು ಬಿಗಿದುಕೊಂಡು, ಬೀದಿಯೊಂದು ತೇಲಿ ಬಂದ ಹಾಗೆ ಮೆಲ್ಲಗೆ ಬಂದವು. ಮುಂದಿನ ಬಾರ್ಜಿನ ಮೂಲೆಯಲ್ಲಿ ಇಸಾಬೆಲಿನೋ ನಿಂತಿದ್ದ. ಹೆಗಲಿಗೆ ಚೀಲ ಏರಿಸಿ, ಟೋಪಿ ತೆಗೆದು. ಮೆಲ್ಲಗೆ ಬಂದದ್ದು ಇನ್ನಷ್ಟು ಮೆಲ್ಲಗಾಗುತ್ತದೆಂದು ಅವಳು ಕಾದಳು. ಆಗಲಿಲ್ಲ.

ಅವಳ ಜೇಬಿನಲ್ಲಿದ್ದ ಮೊಬೈಲು ಗುಂಯ್‌ಗುಟ್ಟಿತು. ಊರಿನ ಸಿಗ್ನಲ್ ಸಿಕ್ಕಿದೊಡನೆ ಅವನು ಕಳಿಸಿದ್ದು. “ಲಿದು, ಕೂಗು ಹಾಕಿದ ಮೇಲೆ ಈಗ ನಿಲ್ಸಲ್ವಂತೆ ಕಣೇ. ಮೇಲ್ಗಡೆ ಒಂಚೂರು ಏರಿದ್ದ ನೀರು ಗಂಟೆ ಗಂಟೆಗೂ ಇಳೀತಿದೆ. ಇಲ್ಲಿ ನಿಂತ್ರೆ ಕೆಳಗಿನ ದಿಬ್ಬದಲ್ಲಿ ಸಿಕ್ಕಾಕ್ಕೊಂತೀವಿ ಅಂತಾನೆ ಕ್ಯಾಪ್ಟನ್. ರಜೆ ಮುಂದಿನ ಸಲ ಅಂತೆ.” ಕೊನೆಗೆ, “ನಿಂಗೂ ನಿರಾಳ ಬಿಡು,” ಎಂದು ಮುಗಿದಿತ್ತು. ಈ ಸಲ ಹಿಂದೆ ಯಾರೂ ನಗುತ್ತಿರಲಿಲ್ಲ.

ನಿರಾಳ! ಅವನಿಗೆ ಹಾಗೆ ಅನ್ನಿಸಿದೆ. ಜೋಲಿಯಲ್ಲಿ ಮಲಗಿದ್ದಷ್ಟೂ ಹೊತ್ತು ಅದನ್ನೇ ಅಂದುಕೊಂಡಿದ್ದಾನೆ, ನೀರಿನ ಮೇಲೆ ಇಷ್ಟು ತಿಂಗಳೂ ಅದನ್ನೇ ಅಂದುಕೊಂಡಿದ್ದಾನೆ.

ಅಷ್ಟರಲ್ಲಿ ಹೆಂಗಸರೆಲ್ಲ ಕಪ್ಪು ಚೀಲ ಹಿಡಿದು ಏದುಸಿರು ಬಿಡುತ್ತ ದಂಡೆಗೆ ಬಂದು ನಿಂತರು. ಹಡಗು ನಿಲ್ಲುತ್ತಿಲ್ಲವೆಂಬುದು ಒಬ್ಬೊಬ್ಬರ ಮುಖದ ಮೇಲೆ ಒಂದೊಂದು ಹೊತ್ತಿಗೆ ತಿಳಿಯಿತು. ಲಿದುವಿನಾ ಬೂಟಿನೆತ್ತರದ ಕೆಸರಿಗೆ ಇಳಿದಳು. ಎರಡೂ ಕೈ ಬಾಯಿಗೆ ಹಿಡಿದು, ಊರಿಗೆ ಊರೇ ನಿಂತಿದೆಯೆಂಬುದನ್ನು ಮರೆತು, ಇದ್ದಷ್ಟು ದನಿಯಲ್ಲಿ ಕೂಗಿದಳು:

“ಜೋಲಿ ಬಿಚ್ಚಿಟ್ಟಿದೀನಿ ಕಣೋ! ಇಸಾಬೆಲಿನೋ! ಜೋಲಿ ಬಿಚ್ಚಿಟ್ಟಿದೀನಿ! ಗುಳಿಗೆ ನುಂಗ್ತಾ ಇದೀನಿ, ದಿನಾ ನುಂಗ್ತಾ ಇದೀನಿ!”

ಎಂಜಿನ್ನಿನ ಸದ್ದು ನದಿಯ ಅಗಲವನ್ನೆಲ್ಲ ತುಂಬಿತ್ತು. ಅವನು ಕಿವಿಗೆ ಕೈ ಇಟ್ಟು ಬಗ್ಗಿದ. ಅವಳು ಮತ್ತೆ ಕೂಗಿದಳು. ಅವನು ಕೇಳಿಸಲಿಲ್ಲವೆಂದು ಕೈ ಆಡಿಸಿದ. ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಕೇಳಿಸಿತು. ನ್ಯಾ ಪೆತ್ರೋನಾ ಮಗುವನ್ನು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ಬೀದಿಯ ಮಾತು ಅಲ್ಲೇ, ಆ ಕೆಸರಿನಲ್ಲೇ, ಸದ್ದಿಲ್ಲದೆ ಮುಗಿಯಿತು. ಇಸಾಬೆಲಿನೋ ಹೆಗಲಿನ ಚೀಲವನ್ನು ಇಳಿಸಿ ಕಾಲ ಬಳಿ ಇಟ್ಟ. ಕೆಳಗಿನ ತಿರುವಿನಲ್ಲಿ ಮರೆಯಾಗುವ ತನಕ ಅವನ ಕೈ ಕಿವಿಯ ಹತ್ತಿರವೇ ಇತ್ತು.

ಅದನ್ನು ಈಗ ಮೊಬೈಲಿಗೇ ಹೇಳಿ ಕಳಿಸಬಹುದಿತ್ತು. ಊರಿಗೆಲ್ಲ ಕೇಳಿಸಿದ ಮೇಲೆ ಹಡಗಿನವರು ಕೇಳಿದರೇನು? ಅವಳು ಗುಂಡಿ ಒತ್ತಿ ಬಾಯಿ ತೆರೆದಳು. ಸಿಗ್ನಲಿನ ಗೆರೆಗಳು ಅವಳ ಕಡೆ ಪೂರ್ತಿ ಇದ್ದವು. ಅವನ ಕಡೆ ಆಗಲೇ ಹೋಗಿದ್ದವು. ಮಾತು ಹೊರಟು ಎಲ್ಲೂ ಮುಟ್ಟದೆ ಅಲ್ಲೇ ಸುತ್ತುತ್ತ ನಿಂತಿತು.

ಲಿಸೆನ್ಸಿಯಾದೋ ಮಡಚಿದ ಕುರ್ಚಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬೂಟಿಗೆ ಕೆಸರು ತಾಗದಂತೆ ಹೆಜ್ಜೆ ಹಾಕುತ್ತ ಹತ್ತಿರ ಬಂದರು. ಬಸ್ಸಿಗೆ ಹೊತ್ತಾಗಿತ್ತು. ಆದರೆ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ಅವರದಲ್ಲ.

“ಕ್ಷಮಿಸಿ ಸೆನ್ಯೋರಾ, ತಮ್ಮದು ಒಂದು ಉತ್ತರ ಬಾಕಿ ಉಳಿದಿದೆ. ಈಗ ತಾವು ಬಳಸುತ್ತಿರುವ ವಿಧಾನ ಎಷ್ಟರ ಮಟ್ಟಿಗೆ ಪರಿಣಾಮಕಾರಿ? ತುಂಬಾ, ಸಾಧಾರಣ, ಕಡಿಮೆ?”

ಲಿದುವಿನಾ ಕೆಸರಿನಿಂದ ಒಂದು ಕಾಲು ಕಿತ್ತಳು, ಇನ್ನೊಂದು ಕಾಲು ಕಿತ್ತಳು.

“ತುಂಬಾ ಅಂತ್ಲೇ ಬರ್ಕೊಳ್ಳಿ ಕರಾಯಿ,” ಎಂದಳು. “ನೋಡಿದ್ರಲ್ಲ, ಹಡಗೇ ನಿಲ್ಲಲಿಲ್ಲ.”